ಧರ್ಮಸಭೆ, ಸ್ವರ್ಗ ಮತ್ತು ಸತ್ತವರ ಹೆಸರು

ಧಾರವಾಡ ಜಿಲ್ಲೆಯ ನವಲಗುಂದದ ನಾಗಲಿಂಗಸ್ವಾಮಿಗಳ ಮಠದಲ್ಲಿ ಹಳೆಯ ಬೈಬಲ್ ಪ್ರತಿಯೊಂದನ್ನು ಇಂದಿಗೂ ಭಕ್ತಿಯಿಂದ ಕಾಪಾಡಿಕೊಂಡು ಬಂದಿರುವುದರಿಂದ ಆ ಸೀಮೆಗೆ ಬೈಬಲ್ ಅಪರಿಚಿತವಲ್ಲ; 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನ ಪ್ರಾಟೆಸ್ಟಂಟ್ ಪರಂಪರೆಯನ್ನೂ, 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ ಕ್ಯಾಥೋಲಿಕರನ್ನೂ ಜಿಲ್ಲೆ ಬಲ್ಲದು. ಮಾರ್ಮನ್ನರ ಹೆಸರು ಮಾತ್ರ ಇಲ್ಲಿಗೆ ಹೊಸದು. ಈ ಅಮೆರಿಕನ್ ಮೂಲದ ಸಭೆ 2018ರಲ್ಲಿ ಬೆಂಗಳೂರಿಗೆ ದೇವಾಲಯವೊಂದನ್ನು ಘೋಷಿಸಿ, 2020ರ ಡಿಸೆಂಬರಿನಲ್ಲಿ ಅದರ ಭೂಮಿಪೂಜೆಗೆ ಸಮಾನವಾದ ವಿಧಿಯನ್ನು ನೆರವೇರಿಸಿದ ಮೇಲೆ, ಅದರ ನಂಬಿಕೆ ಕ್ಯಾಥೋಲಿಕರದಕ್ಕಿಂತ ಹೇಗೆ ಬೇರೆ ಎಂಬುದು ಕನ್ನಡಿಗರೂ ತಿಳಿಯಬೇಕಾದ ವಿಷಯವಾಗಿದೆ.

ಭೇದದ ಬೇರು ಇರುವುದು ಪರಂಪರೆಯ ಪ್ರಶ್ನೆಯಲ್ಲಿ. ಮಠದ ಪಟ್ಟ ಗುರುವಿನಿಂದ ಶಿಷ್ಯನಿಗೆ ಬರುವಂತೆ, ಕ್ರಿಸ್ತನು ಪೇತ್ರನಿಗೂ ಇತರ ಪ್ರೇಷಿತರಿಗೂ, ಅಂದರೆ ತಾನು ಆರಿಸಿ ಕಳುಹಿಸಿದ ಶಿಷ್ಯರಿಗೂ, ಕೊಟ್ಟ ಅಧಿಕಾರ ಧರ್ಮಾಧ್ಯಕ್ಷರ ಮೂಲಕ ಎಲ್ಲಿಯೂ ಕಡಿಯದೆ ಹರಿದುಬಂದಿದೆ ಎಂಬುದು ಕ್ಯಾಥೋಲಿಕ್ ಧರ್ಮಸಭೆಯ ನಂಬಿಕೆ. ಪ್ರೇಷಿತರ ಮರಣಾನಂತರ ಆ ಅಧಿಕಾರವೇ ಭೂಮಿಯಿಂದ ಅಳಿದುಹೋಯಿತು ಎನ್ನುವ ಮಾರ್ಮನ್ನರು, ಸ್ವರ್ಗದೂತರು ಅದನ್ನು ಜೋಸೆಫ್ ಸ್ಮಿತ್‌ನಿಗೆ ಮರಳಿ ಒಪ್ಪಿಸಿದರೆಂದೂ, ಆತ 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಕಟ್ಟಿದ್ದು ಹೊಸ ಸಭೆಯಲ್ಲ, ಪುನಃಸ್ಥಾಪಿತ ಮೂಲಸಭೆ ಎಂದೂ ಸಾಧಿಸುತ್ತಾರೆ. ಬಳ್ಳಾರಿಯ ಲಂಡನ್ ಮಿಷನ್ನಿನ ಇಡೀ ಕನ್ನಡ ಬೈಬಲ್ ಹೊರಬರುವುದಕ್ಕೆ ಒಂದು ವರ್ಷ ಮೊದಲು, ಅದೇ 1830ರಲ್ಲಿ, 'ಬುಕ್ ಆಫ್ ಮಾರ್ಮನ್' ಅಚ್ಚಾಗಿ ಬೈಬಲ್ಲಿನ ಪಕ್ಕದಲ್ಲಿ ಇನ್ನೊಂದು ಶಾಸ್ತ್ರವಾಯಿತು. ಸಾರ್ವಜನಿಕ ದೈವಪ್ರಕಟಣೆ ಪ್ರೇಷಿತರ ಕಾಲಕ್ಕೇ ಪೂರ್ಣವಾಯಿತು ಎಂದು ನಂಬುವ ಕ್ಯಾಥೋಲಿಕರಿಗೆ ಇದು ಒಪ್ಪಿಗೆಯಾಗುವಂಥದಲ್ಲ.

ದೇವರ ಸ್ವರೂಪದಲ್ಲಿಯೂ ಒಮ್ಮತವಿಲ್ಲ. ತಂದೆ, ಮಗ, ಪವಿತ್ರಾತ್ಮ ಎಂಬ ಮೂವರೂ ಒಂದೇ ದೇವಸ್ವರೂಪವೆಂಬ ತ್ರಿತ್ವದ ತತ್ವವನ್ನು ಮಾರ್ಮನ್ನರು ಒಪ್ಪುವುದಿಲ್ಲ. ಅವರ ಪ್ರಕಾರ ಮೂವರೂ ಬೇರೆ ಬೇರೆ, ಒಂದಾಗಿರುವುದು ಸಂಕಲ್ಪದಲ್ಲಿ ಮಾತ್ರ, ತಂದೆಗೆ ಶರೀರವೂ ಉಂಟು. ಆದ್ದರಿಂದಲೇ ಬಾಸೆಲ್ ಮಿಷನ್ನಿನ ವಾರಸುದಾರರಾದ ದಕ್ಷಿಣ ಭಾರತ ಸಭೆಯವರ (ಸಿಎಸ್‌ಐ) ದೀಕ್ಷಾಸ್ನಾನವನ್ನು ಮಾನ್ಯಮಾಡುವ ವ್ಯಾಟಿಕನ್, ಮಾರ್ಮನ್ನರ ದೀಕ್ಷಾಸ್ನಾನ ಸಿಂಧುವಲ್ಲವೆಂದು 2001ರ ಜೂನ್ 5ರಂದು ನಿರ್ಣಯಿಸಿತು.

ಸ್ವರ್ಗದ ಕಲ್ಪನೆಯಲ್ಲಿಯೂ ಭೇದವಿದೆ. ಕ್ಯಾಥೋಲಿಕರ ಸ್ವರ್ಗ ಎಂದರೆ ದೇವರನ್ನು ಮುಖಾಮುಖಿ ಕಾಣುವ ಆನಂದ. ಹದಿನಾಲ್ಕನೆಯ ಶತಮಾನದ ಪೋಪ್ ಹನ್ನೆರಡನೆಯ ಬೆನೆಡಿಕ್ಟ್ 1336ರಲ್ಲಿ ಇದನ್ನು ಸ್ಪಷ್ಟವಾಗಿ ಸಾರಿದ. ದೇವರೊಡನೆ ಸ್ನೇಹದಲ್ಲಿ ಸತ್ತರೂ ಪೂರ್ಣ ಶುದ್ಧರಾಗದವರು ಶುದ್ಧೀಕರಣದ ಸ್ಥಿತಿಯನ್ನು ಹಾಯಬೇಕಾಗುತ್ತದೆ, ಅವರಿಗಾಗಿ ನವೆಂಬರ್ 2ರಂದು ಬಲಿಪೂಜೆ ಅರ್ಪಿತವಾಗುತ್ತದೆ. ಮಾರ್ಮನ್ ಸ್ವರ್ಗಕ್ಕೆ, ಸ್ಮಿತ್ 1832ರಲ್ಲಿ ಕಂಡೆನೆಂದ ದರ್ಶನದಂತೆ, ಸೂರ್ಯ, ಚಂದ್ರ, ನಕ್ಷತ್ರಗಳ ಕಾಂತಿಗೆ ಹೋಲುವ ಮೂರು ಮಹಿಮೆಗಳಿವೆ, ಮತ್ತು ಬಹುತೇಕ ಮನುಷ್ಯರೆಲ್ಲರೂ ಕೊನೆಗೆ ಯಾವುದಾದರೊಂದರಲ್ಲಿ ನೆಲೆಗೊಳ್ಳುತ್ತಾರೆ. ಅತ್ಯುನ್ನತ ನೆಲೆಗೆ ದೇವಾಲಯದಲ್ಲಿ ನಡೆದ, ಸಾವಿನಾಚೆಗೂ ಬಾಳುವ ವಿವಾಹ ಬೇಕು. ಅಲ್ಲಿ ಸತಿಪತಿಗಳು ದೇವರಂತೆಯೇ ಆಗಬಲ್ಲರು. ವಿವಾಹಬಂಧ ಮರಣಕ್ಕೇ ಮುಗಿಯುವುದೆಂದೂ, ಸೃಷ್ಟಿಯಾದವನು ಎಂದಿಗೂ ಸೃಷ್ಟಿಕರ್ತನಾಗಲಾರನೆಂದೂ ಕ್ಯಾಥೋಲಿಕರು ಹೇಳುತ್ತಾರೆ. ಗಂಡಹೆಂಡಿರ ಅಗಲಿಕೆಯನ್ನು ಕಂಡವರಿಗೆ ಮಾರ್ಮನ್ನರ ಭರವಸೆ ಎಷ್ಟು ಹತ್ತಿರದ್ದೆನಿಸಬಹುದು ಎಂಬುದನ್ನು ಅದನ್ನು ಒಪ್ಪದವರೂ ಅರಿಯಬೇಕು.

ಅಧಿಕಾರ ಮತ್ತು ಸ್ವರ್ಗದ ಕುರಿತ ಈ ಎರಡು ಭೇದಗಳೂ ಒಂದೆಡೆ ಕೂಡುವುದು ಸತ್ತವರ ಹೆಸರಿನಲ್ಲಿ. ನಿಜವಾದ ಅಧಿಕಾರವಿಲ್ಲದ ಕಾಲದಲ್ಲಿ ಬದುಕಿದವರಿಗೂ ಅವಕಾಶ ಸಿಗಬೇಕೆಂದು ಮಾರ್ಮನ್ನರು ವಂಶಾವಳಿ ಹುಡುಕಿ, ಮೃತರ ಪರವಾಗಿ ಜೀವಂತರಿಗೆ ದೀಕ್ಷಾಸ್ನಾನ ಕೊಡುತ್ತಾರೆ. ಒಪ್ಪುವುದೂ ಬಿಡುವುದೂ ಆ ಆತ್ಮಕ್ಕೆ ಬಿಟ್ಟದ್ದು. ಇದನ್ನು ತಡೆಯಲೆಂದು ವ್ಯಾಟಿಕನ್ 2008ರಲ್ಲಿ, ಧರ್ಮಕೇಂದ್ರಗಳ ದಾಖಲೆ ಪುಸ್ತಕಗಳನ್ನು ಮಾರ್ಮನ್ನರ ವಂಶಾವಳಿ ಸಂಸ್ಥೆಗೆ ನಕಲಿಗಾಗಿ ಕೊಡಬಾರದೆಂದು ಧರ್ಮಾಧ್ಯಕ್ಷರಿಗೆ ತಿಳಿಸಿತು. ಪ್ರತಿ ಧರ್ಮಕೇಂದ್ರವೂ ಇಡಲೇಬೇಕಾದ ದೀಕ್ಷಾಸ್ನಾನದ ಪುಸ್ತಕದಲ್ಲಿನ ಒಂದು ಹೆಸರು ಕ್ಯಾಥೋಲಿಕರ ಪಾಲಿಗೆ ಸಂಪೂರ್ಣವಾದ, ಮತ್ತೊಮ್ಮೆ ಮಾಡಲಾಗದ ಸಂಸ್ಕಾರದ ಗುರುತಾದರೆ, ಮಾರ್ಮನ್ನರ ಪಾಲಿಗೆ ಅದು ಇನ್ನೂ ಕಾಯುತ್ತಿರುವ ಒಬ್ಬ ಪೂರ್ವಜ.