ಅವರನ್ನೇ ಕೇಳೋಣ



ವಿಕಲಚೇತನ ಯುವಜನರಿಗಾಗಿ ಕಾರ್ಯಕ್ರಮ ಮಾಡುವಾಗ ನಾವು ತಾಯಿಯನ್ನು ಕೇಳ್ತೇವೆ, ಟೀಚರನ್ನು ಕೇಳ್ತೇವೆ, ಪಂಚಾಯತಿಯವರನ್ನು ಕೇಳ್ತೇವೆ. ಆ ಹುಡುಗ-ಹುಡುಗಿಯರನ್ನೇ ಕೇಳುವುದಿಲ್ಲ.

ಇದರಿಂದ ಏನಾಗುತ್ತದೆ? ಕಟ್ಟಡಕ್ಕೆ ರ‍್ಯಾಂಪ್ ಬರುತ್ತದೆ, ಆದರೆ ಗಾಲಿಕುರ್ಚಿ ಹತ್ತುವುದಿಲ್ಲ. 1 ಅಡಿ ಎತ್ತರಕ್ಕೆ ಕಡಿಮೆಯೆಂದರೂ 12 ಅಡಿ ಉದ್ದ ಬೇಕು. ಗಾಲಿಕುರ್ಚಿಯಲ್ಲಿ ಓಡಾಡುವ ಹುಡುಗಿಯನ್ನು ಮೊದಲೇ ಕೇಳಿದ್ದರೆ ಹಣ ದಂಡವಾಗುತ್ತಿರಲಿಲ್ಲ. ಅವಳಿಗೆ ಹೊಲಿಗೆ ತರಬೇತಿ ಸಾಕು ಅಂತ ನಾವೇ ತೀರ್ಮಾನಿಸ್ತೇವೆ. ಅವಳಿಗೆ ಕಂಪ್ಯೂಟರ್ ಕಲಿಯುವ ಆಸೆ ಇರಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ. 40 ಅಥವಾ ಹೆಚ್ಚು ವೈಕಲ್ಯ ಇರುವವರಿಗೆ ಬಡತನ ನಿವಾರಣೆ ಯೋಜನೆಗಳಲ್ಲಿ ಶೇ. 5 ಮೀಸಲಾತಿ ಇದೆ. ಅದರಲ್ಲೂ ಮಹಿಳೆಯರಿಗೆ ಆದ್ಯತೆ. ತಮಗೆ ಏನು ಬೇಕು ಅಂತ ಹೇಳಬೇಕಾದವರು ಅವರೇ.

ನಾವು ಮಾಡಬಹುದಾದದ್ದು:

1. ಮೆಟ್ಟಿಲಿಲ್ಲದ ಜಾಗದಲ್ಲಿ ಸಭೆ ಸೇರೋಣ.
2. ಅವರ ಮುಖ ನೋಡಿಯೇ ಪ್ರಶ್ನೆ ಕೇಳೋಣ, ಉತ್ತರಕ್ಕೆ ಕಾಯೋಣ. ಕಿವಿ ಕೇಳದವರಿಗೆ ಬರೆದು ಅಥವಾ ಸನ್ನೆಯಲ್ಲಿ ತಿಳಿಸೋಣ.
3. ಅವರು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯೋಣ.
4. ಗ್ರಾಮಸಭೆಗೆ ಕರೆದುಕೊಂಡು ಹೋಗಿ, ಅವರೇ ಮಾತಾಡುವಂತೆ ಜೊತೆಗೆ ನಿಲ್ಲೋಣ.

ನಿಮ್ಮ ಊರಿನಲ್ಲಿ ಇಂಥವರು ಯಾರಿದ್ದಾರೆ? ಮುಂದಿನ ವಾರದ ಸಭೆಗೆ ಒಬ್ಬರನ್ನಾದರೂ ಕರೆಯಿರಿ.