ಬ್ಯಾಕ್ಟೀರಿಯದಲ್ಲಿ ಬೆಳೆದ ಇಲಿಯ ಕಿಣ್ವ

ಕತ್ತಲಲ್ಲಿ ನಡೆಯುವವನ ಕಾಲ ಬಳಿಯಲ್ಲೇ ಹಾವೊಂದು ಹರಿದುಹೋಯಿತೆನ್ನಿ. ಎದೆ ಡವಡವನೆ ಹೊಡೆದುಕೊಳ್ಳುತ್ತದೆ; ಯಕೃತ್ತು ತಾನು ಕೂಡಿಟ್ಟಿದ್ದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಅಡ್ರಿನಲಿನ್ ಎಂಬ ಚೋದಕವು ಹೊತ್ತು ತಂದ ಸುದ್ದಿಯ ಫಲವಿದು. ಆದರೆ ಅಡ್ರಿನಲಿನ್ ಜೀವಕೋಶದ ಹೊರಪೊರೆಯನ್ನು ಮುಟ್ಟುವುದಲ್ಲದೆ ಒಳಹೊಗುವುದಿಲ್ಲ. ಹಾಗಾದರೆ ಸುದ್ದಿ ಒಳಗೆ ತಲಪುವುದು ಹೇಗೆ?

ಚೋದಕವು ಪೊರೆಗೆ ತಾಗಿದೊಡನೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವು ಹುಟ್ಟುತ್ತದೆಂದು ಅಮೆರಿಕದ ಅರ್ಲ್ ಸದರ್‌ಲ್ಯಾಂಡರು 1950ರ ದಶಕದಲ್ಲಿ ತೋರಿಸಿದರು. ಆ ಅಣುವಿನ ಆಜ್ಞೆಯನ್ನು ನೆರವೇರಿಸುವ ಕಿಣ್ವವನ್ನು ಎಡ್ವಿನ್ ಕ್ರೆಬ್ಸ್ ಮತ್ತು ಸಂಗಡಿಗರು 1968ರಲ್ಲಿ ಮೊಲದ ಸ್ನಾಯುವಿನಲ್ಲಿ ಕಂಡುಹಿಡಿದರು. ಅದೇ ಪ್ರೋಟೀನ್ ಕೈನೇಸ್ ಎ.

ಇದರಲ್ಲಿ ಎರಡು ನಿಯಂತ್ರಕ ಖಂಡಗಳೂ ಎರಡು ಕ್ರಿಯಾಖಂಡಗಳೂ ಉಂಟು. ನಿಯಂತ್ರಕವು ಮೂಗುದಾರವಿದ್ದಂತೆ. ಸೈಕ್ಲಿಕ್ ಎಎಂಪಿ ಬಂದು ನಿಯಂತ್ರಕವನ್ನು ಹಿಡಿದಾಗ ಕ್ರಿಯಾಖಂಡವು ಬಿಡುಗಡೆ ಹೊಂದುತ್ತದೆ. ಬಳಿಕ ಅದು ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟನ್ನು ಕಿತ್ತು ಬೇರೆ ಪ್ರೋಟೀನುಗಳಿಗೆ ಅಂಟಿಸುತ್ತದೆ. ಇದರಿಂದ ಕೆಲವು ಪ್ರೋಟೀನುಗಳು ಚುರುಕಾಗುತ್ತವೆ, ಕೆಲವು ಸುಮ್ಮನಾಗುತ್ತವೆ. ಯಕೃತ್ತಿನಲ್ಲಿ ಸಕ್ಕರೆ ಬಿಡುಗಡೆಯಾಗುವುದು ಹೀಗೆಯೇ.

ಇಂತಹ ಕಿಣ್ವವನ್ನು ಅಭ್ಯಸಿಸಬೇಕಾದರೆ ಅದು ಶುದ್ಧವಾಗಿಯೂ ಹೇರಳವಾಗಿಯೂ ದೊರೆಯಬೇಕು. ಪ್ರಾಣಿಯ ಅಂಗಾಂಶದಲ್ಲಿಯಾದರೋ ಇದೇ ಕೆಲಸ ಮಾಡುವ ದಾಯಾದಿ ಕಿಣ್ವಗಳು ಅನೇಕ. ಬೇರೆ ಕೈನೇಸಿನ ಒಂದು ಕಣ ಉಳಿದರೂ ಯಾವುದು ಯಾರ ಕೆಲಸವೆಂದು ಹೇಳುವುದು ಕಷ್ಟ.

ಜೀನುಗಳನ್ನು ಒಂದು ಜೀವಿಯಿಂದ ಇನ್ನೊಂದಕ್ಕೆ ಸೇರಿಸುವ ವಿದ್ಯೆಯು ಈ ತೊಡಕನ್ನು ಬಿಡಿಸಿತು. ಇಲಿಯ ಕ್ರಿಯಾಖಂಡದ ಡಿಎನ್‌ಎ ಪ್ರತಿಯನ್ನು ವಿಜ್ಞಾನಿಗಳು 1986ರಲ್ಲಿ ಬೇರ್ಪಡಿಸಿದರು. ಅದನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಗೆ ಜೋಡಿಸಿ ಇ. ಕೋಲೈ ಬ್ಯಾಕ್ಟೀರಿಯದೊಳಕ್ಕೆ ಹೊಗಿಸಿ, ಅಲ್ಲಿಯೇ ಕಿಣ್ವವನ್ನು ತಯಾರಿಸಿದ ವಿವರವು ಕ್ಯಾಲಿಫೋರ್ನಿಯದ ಸೂಸನ್ ಟೇಲರರ ಪ್ರಯೋಗಶಾಲೆಯಿಂದ 1989ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯದಲ್ಲಿ ಇಲಿಯ ಬೇರೆ ಕೈನೇಸುಗಳಿಲ್ಲ. ಆದುದರಿಂದ ದಾಯಾದಿಗಳ ಗೊಂದಲವೂ ಇಲ್ಲ. ಹೀಗೆ ದೊರೆತ ಕಿಣ್ವವನ್ನು ಹರಳುಗಟ್ಟಿಸಿ ಎಕ್ಸ್-ಕಿರಣಗಳಿಂದ ಪರೀಕ್ಷಿಸಿ, 1991ರಲ್ಲಿ ಅದರ ಆಕೃತಿಯನ್ನು ಕಂಡುಕೊಂಡರು. ಎರಡು ಹಾಲೆಗಳು, ಅವುಗಳ ನಡುವೆ ಎಟಿಪಿ ಕುಳಿತುಕೊಳ್ಳುವ ಸೀಳು! ಪ್ರೋಟೀನ್ ಕೈನೇಸೊಂದರ ಆಕೃತಿ ಮಾನವನಿಗೆ ಕಾಣಿಸಿದ್ದು ಅದೇ ಮೊದಲು.

ಇಲಿಯ ಕಿಣ್ವದಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ಮಾನವನ ಜೀನುಗಳಲ್ಲಿ 518 ಕೈನೇಸುಗಳಿವೆಯೆಂದು 2002ರಲ್ಲಿ ಎಣಿಕೆ ಮಾಡಲಾಯಿತು. ಅವುಗಳಲ್ಲಿ ಬಹುಪಾಲಿನ ಕ್ರಿಯಾಭಾಗವು ಇದೇ ಅಚ್ಚಿನದು. ಕೆಲವು ಹತೋಟಿ ತಪ್ಪಿದಾಗ ಕ್ಯಾನ್ಸರ್ ತಲೆದೋರುತ್ತದೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮ್ಯಾಟಿನಿಬ್ ಎಂಬ ಔಷಧವು, ರಕ್ತದ ಒಂದು ಬಗೆಯ ಕ್ಯಾನ್ಸರಿನಲ್ಲಿ ಹದ್ದುಮೀರಿದ ಕೈನೇಸನ್ನು ತಡೆಯುತ್ತದೆ. ಆದರೆ ಅಚ್ಚು ಒಂದೇ ಆದುದರಿಂದ, ರೋಗದ ಕಿಣ್ವಕ್ಕೆಂದು ಮಾಡಿದ ಮದ್ದು ಆರೋಗ್ಯದ ಕಿಣ್ವವನ್ನೂ ತಡೆದುಬಿಡಬಹುದು. ಆದುದರಿಂದಲೇ ಹೊಸ ಮದ್ದುಗಳನ್ನು ಶುದ್ಧವಾದ ಹಲವು ಕೈನೇಸುಗಳ ಮೇಲೆ ಪ್ರಯೋಗಿಸಿ ನೋಡುತ್ತಾರೆ. ಆ ಸಾಲಿನಲ್ಲಿ ಪ್ರೋಟೀನ್ ಕೈನೇಸ್ ಎ ಕೂಡ ನಿಲ್ಲುತ್ತದೆ.

ಆದರೂ ಒಂದು ಎಚ್ಚರಿಕೆ ಬೇಕು. ಇಲಿಯ ಕೋಶವು ಈ ಕಿಣ್ವದ ತುದಿಗೆ ಕೊಬ್ಬಿನ ಆಮ್ಲವೊಂದನ್ನು ಸೇರಿಸುತ್ತದೆ, ಇ. ಕೋಲೈಗೆ ಆ ಕೆಲಸ ತಿಳಿಯದು. ಪ್ರನಾಳದಲ್ಲಿ ಕಂಡ ಸತ್ಯವನ್ನು ಜೀವಂತ ಕೋಶದಲ್ಲಿ ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ವಿಜ್ಞಾನಿಯು ಅದನ್ನು ನಂಬಬೇಕು.