ಮಂಡಿ ನೋವಿಗೆ ಮಾತ್ರೆ ಒಂದೇ ಸಾಲದು



ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ಹಾಲು ಕರೆಯುವವರು ನೀವು. ಕೊಟ್ಟಿಗೆ ಗುಡಿಸುವುದು, ಹಸಿಹುಲ್ಲಿನ ಹೊರೆ ಹೊರುವುದು, ಕ್ಯಾನು ಎತ್ತುವುದು, ಎಲ್ಲದರ ಭಾರವೂ ಕೊನೆಗೆ ಬೀಳುವುದು ಮಂಡಿಯ ಮೇಲೆ. ವಯಸ್ಸು 45 ದಾಟಿದ ಮೇಲೆ ಮೆಟ್ಟಿಲು ಇಳಿಯುವಾಗ ನೋವು ಕಂಡರೆ, ಕುಳಿತಲ್ಲಿಂದ ಏಳಲು ನೆಲಕ್ಕೆ ಕೈ ಊರಬೇಕಾಗಿ ಬಂದರೆ, ಬೆಳಿಗ್ಗೆ ಬಿಗಿದಂತಿದ್ದ ಮಂಡಿ ಅರ್ಧ ಗಂಟೆಯೊಳಗೆ ಸಡಿಲವಾದರೆ ಅದು ಮಂಡಿ ಸವೆತದ ಆರಂಭ ಇರಬಹುದು. ಹೆಂಗಸರಲ್ಲಿ ಇದು ಹೆಚ್ಚು. ಹಾಲು ಕರೆಯುವ ಕೆಲಸವೂ ಬಹಳ ಮನೆಗಳಲ್ಲಿ ಅವರದೇ.

ಮಂಡಿಯಲ್ಲಿ ಎರಡು ಮೂಳೆಗಳು ಸೇರುವ ಕಡೆ ನುಣುಪಾದ ಹಾಸೊಂದಿದೆ. ಅದು ತೆಳುವಾಗುತ್ತಾ ಬಂದಂತೆ ಕೀಲಿನೊಳಗೆ ಉರಿ, ಊತ, ನೋವು ಕಾಣಿಸುತ್ತವೆ. ನೋವೆಂದು ಕಾಲನ್ನು ಬಳಸದೇ ಇದ್ದರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಮಂಡಿಗೆ ಬೀಳುವ ಪೆಟ್ಟನ್ನು ತಡೆದುಕೊಳ್ಳುವುದು ಆ ಸ್ನಾಯುವೇ. ಅದು ಸೊರಗಿದಷ್ಟೂ ನೋವು ಹೆಚ್ಚು.

ಈಗ ನಡೆಯುತ್ತಿರುವುದೇನು? ಡೇರಿಗೆ ಹಾಲು ಹಾಕಿ, ಕೆಂಗೇರಿಗೋ ತಾವರೆಕೆರೆಗೋ ಹೋದಾಗ ಮೆಡಿಕಲ್ ಸ್ಟೋರಿನಲ್ಲಿ "ಮಂಡಿ ನೋವಿಗೆ ಏನಾದರೂ ಕೊಡಿ" ಎಂದು ಒಂದು ಪಟ್ಟಿ ಮಾತ್ರೆ ತರುತ್ತೇವೆ. ನೋವು ನಿಲ್ಲುತ್ತದೆ, ಮತ್ತೆ ಅದೇ ಹೊರೆ ಹೊರುತ್ತೇವೆ. ಮಾತ್ರೆ ನೋವನ್ನು ಅಡಗಿಸುತ್ತದೆಯೇ ಹೊರತು ಸ್ನಾಯುವಿಗೆ ಬಲ ಕೊಡುವುದಿಲ್ಲ. ಬರೀ ಹಿಂಡಿ ಹಾಕಿ ಮೇವು ನಿಲ್ಲಿಸಿದರೆ ಹಾಲಿನ ಜಿಡ್ಡಿನಂಶ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಇದೂ ಹಾಗೆಯೇ.

ಅಂಗಡಿಯಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇರುತ್ತಾರೆ, ಇರಲೇಬೇಕು. ಔಷಧಿಯನ್ನು ವಿವರಿಸಿ ತಿಳಿಸುವುದು ಅವರ ಕೆಲಸವೆಂದು 2015ರ ಫಾರ್ಮಸಿ ವೃತ್ತಿ ನಿಯಮಗಳು ಹೇಳುತ್ತವೆ. ಆದ್ದರಿಂದ ಕೇಳಲು ಸಂಕೋಚ ಬೇಡ. ಬಿ.ಪಿ., ಸಕ್ಕರೆ ಕಾಯಿಲೆ, ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಿ. ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ತೋರಿಸಿ. ಹೆಸರು ಬೇರೆಯಾದರೂ ಒಳಗಿನ ಔಷಧಿ ಒಂದೇ ಆಗಿರುವುದುಂಟು. ಎರಡನ್ನೂ ನುಂಗಿದರೆ ದುಪ್ಪಟ್ಟಾಗುತ್ತದೆ. ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಆರಂಭದ ನೋವಿಗೆ ಮೇಲೆ ಹಚ್ಚುವ ಜೆಲ್ ಸಾಕಾಗಬಹುದು, ಹೊಟ್ಟೆಗೂ ಅದು ಹಗುರ.

ಈ ಡೈಕ್ಲೋಫೆನಾಕ್ ನಿಮಗೆ ಹೊಸದಲ್ಲ. ಹಿಂದೆ ದನಗಳಿಗೂ ಚುಚ್ಚುತ್ತಿದ್ದರು. ಹಾಗೆ ಚುಚ್ಚಿಸಿಕೊಂಡು ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಸರಕಾರ ಅದನ್ನು ಜಾನುವಾರುಗಳಿಗೆ ನಿಷೇಧಿಸಿತು. ನಮ್ಮ ಮೈಸೂರು ರಸ್ತೆಯಲ್ಲೇ ಇರುವ ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಮನುಷ್ಯನ ಮೂತ್ರಪಿಂಡ ಹದ್ದಿನದಷ್ಟು ಸೂಕ್ಷ್ಮವಲ್ಲ, ನಿಜ. ಆದರೂ ತಿಂಗಳುಗಟ್ಟಲೆ ನುಂಗಿದರೆ, ಅದರಲ್ಲೂ ಬಿ.ಪಿ. ಮಾತ್ರೆಯ ಜೊತೆಗೆ ನುಂಗಿದರೆ, ಅದಕ್ಕೆ ಪೆಟ್ಟು ಬೀಳಬಹುದು. ಹಸುವಿಗೆಂದು ತಂದ ನೋವಿನ ಔಷಧಿಯನ್ನಂತೂ ಮನೆಯವರು ಮುಟ್ಟಲೇಬಾರದು.

ಇನ್ನೊಬ್ಬರು ಫಿಸಿಯೋಥೆರಪಿಸ್ಟ್. ಇವರ ಬಳಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ಹೋಗಬೇಕೆಂಬ ಭಾವನೆ ಇದೆ. ಹೋಗಬೇಕಾದದ್ದು ಸವೆತದ ಆರಂಭದಲ್ಲಿ. ಕಾಲು ನೀಡಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ 5 ಎಣಿಸುವವರೆಗೆ ಹಿಡಿದು ಬಿಡುವುದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಇಂಥ ಸರಳ ವ್ಯಾಯಾಮಗಳನ್ನು ನಿಮ್ಮ ಕಾಲು ನೋಡಿ, ಎಷ್ಟು ಸಲ ಎಂದು ಲೆಕ್ಕ ಹಾಕಿ ಹೇಳುತ್ತಾರೆ. ಫಲ ಕಾಣಲು ಆರೆಂಟು ವಾರ ಬೇಕು. ಹಾಲು ಕರೆಯಲು ಎತ್ತರದ ಸ್ಟೂಲು ಬಳಸಿ ಎಂದೂ ಹೇಳಿಯಾರು. ಮೊದಲು ಅದನ್ನು ಮಾಡಿಸಿಕೊಳ್ಳಿ. ಮೈ ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ.

ಇವರಿಬ್ಬರೂ ಕೂಡಿ ಕೆಲಸ ಮಾಡಿದರೆ ಏನಾಗುತ್ತದೆಂದು ಕೆನಡಾದ ವ್ಯಾಂಕೂವರ್ ಕಡೆ ಪರೀಕ್ಷಿಸಿ ನೋಡಿದ್ದಾರೆ. ಔಷಧಿ ಅಂಗಡಿಗೆ ಬಂದ ಮಂಡಿ ನೋವಿನವರನ್ನು ಫಾರ್ಮಸಿಸ್ಟರೇ ಗುರುತಿಸಿ, ಅವರ ಮಾತ್ರೆಗಳನ್ನು ಪರಿಶೀಲಿಸಿ, ಫಿಸಿಯೋಥೆರಪಿಸ್ಟರ ವ್ಯಾಯಾಮಕ್ಕೆ ಸೇರಿಸಿದರು. 2012ರಲ್ಲಿ ಪ್ರಕಟವಾದ ವರದಿಯಂತೆ, ಆರು ತಿಂಗಳಲ್ಲಿ ಅವರ ನೋವು ಇಳಿದು ಓಡಾಟ ಸುಧಾರಿಸಿತ್ತು.

ನಮ್ಮಲ್ಲಿ ಅಂಥ ಏರ್ಪಾಡು ಆಗುವವರೆಗೆ ಕಾಯಬೇಕಿಲ್ಲ. ವಿಜಯನಗರ, ಬಸವೇಶ್ವರನಗರಗಳಲ್ಲಿ ಎರಡೂ ಬೋರ್ಡುಗಳು ಹತ್ತಿರದಲ್ಲೇ ಸಿಗುತ್ತವೆ. ಒಂದು ಸಣ್ಣ ನೋಟ್ ಪುಸ್ತಕ ಇಡಿ. ಅದರ ಒಂದು ಪುಟದಲ್ಲಿ ಮಾತ್ರೆಯ ಹೆಸರು, ನುಂಗಿದ ದಿನ. ಎದುರು ಪುಟದಲ್ಲಿ ಮಾಡಿದ ವ್ಯಾಯಾಮ, ನೋವು ಹೆಚ್ಚಾಯಿತೋ ಕಡಿಮೆಯಾಯಿತೋ. ಓದು ಬರಹ ಬಾರದವರಿಗೆ ಮಕ್ಕಳು ಬರೆದುಕೊಡಲಿ. ಇಬ್ಬರಿಗೂ ಇದನ್ನೇ ತೋರಿಸಿ. ವ್ಯಾಯಾಮದ ನಂತರ ಮಂಡಿ ಊದಿದ್ದು ಫಾರ್ಮಸಿಸ್ಟರಿಗೆ ತಿಳಿಯುತ್ತದೆ; ಮಾತ್ರೆ ಇಲ್ಲದೆ ವ್ಯಾಯಾಮವೇ ಆಗುತ್ತಿಲ್ಲ ಎಂಬುದು ಫಿಸಿಯೋಥೆರಪಿಸ್ಟರಿಗೆ ತಿಳಿಯುತ್ತದೆ. ಮಗ ಅಥವಾ ಮಗಳು ಪೀಣ್ಯ, ಕುಂಬಳಗೋಡಿನ ಕಾರ್ಖಾನೆಯಲ್ಲಿದ್ದು ಇ.ಎಸ್.ಐ. ಇದ್ದರೆ, ಅವರನ್ನೇ ನೆಚ್ಚಿರುವ ತಂದೆತಾಯಿಗೂ ನಿಯಮದಂತೆ ಚಿಕಿತ್ಸೆ ಸಿಗುತ್ತದೆ, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ವಿಚಾರಿಸಿ.

ಮಂಡಿ ಕೆಂಪಾಗಿ ಬಿಸಿಯೇರಿದರೆ, ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಂಡಿ ಸಿಕ್ಕಿಕೊಂಡು ಮಡಿಸಲು ಬಾರದಿದ್ದರೆ ಇವರಿಬ್ಬರ ಬಳಿಯೂ ಹೋಗದೆ ಅದೇ ದಿನ ವೈದ್ಯರನ್ನು ಕಾಣಿ. ಮಾತ್ರೆ ನುಂಗುತ್ತಿರುವವರಿಗೆ ಮಲ ಕಪ್ಪಾಗಿ ಹೋದರೂ ಹಾಗೆಯೇ.